ಕಾದಂಬರಿ ಬೇಕು, ಕಾದಂಬರಿಕಾರ ಬೇಡವೇ?

ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಕೆಲಸ. ಸಿನಿಮಾ, ಸಾಹಿತ್ಯ ಅಂತ ಮಾತಾಡಿದರೆ ಮನೆಯಲ್ಲೇ ನಗುತ್ತಾರೆ. ಆದರೂ ಕೊಚ್ಚಿ, ತಿರುವನಂತಪುರ ಅಂತ ಇಷ್ಟು ವರ್ಷ ಇಲ್ಲೇ ಬೇರುಬಿಟ್ಟ ಮೇಲೆ ಒಂದು ಮಾತು ಹೇಳಲೇಬೇಕು. ನನ್ನ ಮಲಯಾಳಿ ಸಹೋದ್ಯೋಗಿಗಳು ಸಿನಿಮಾದ ಸುದ್ದಿ ಎತ್ತಿದರೆ, ನಾಯಕ ಯಾರು ಅನ್ನುವುದರ ಜೊತೆಗೇ ಬರೆದವರು ಯಾರು ಅಂತಲೂ ಕೇಳುತ್ತಾರೆ.

ಪಿ. ಪದ್ಮರಾಜನ್ ಅವರನ್ನೇ ನೋಡಿ. ಹುಟ್ಟಿದ್ದು 1945ರಲ್ಲಿ, ಆಲಪ್ಪುಳ ಜಿಲ್ಲೆಯ ಮುತುಕುಳದಲ್ಲಿ. ತಿರುವನಂತಪುರದಲ್ಲಿ ರಸಾಯನಶಾಸ್ತ್ರ ಓದಿ 1965ರಲ್ಲಿ ತ್ರಿಶ್ಶೂರು ಆಕಾಶವಾಣಿ ಸೇರಿದರು, ಆಮೇಲೆ ತಿರುವನಂತಪುರ ನಿಲಯಕ್ಕೆ ಬಂದರು. 'ನಕ್ಷತ್ರಙ್ಙಳೇ ಕಾವಲ್' ಕಾದಂಬರಿಗೆ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಇನ್ನೂ ಮೂವತ್ತು ತುಂಬಿರಲಿಲ್ಲ. 1975ರಲ್ಲಿ ಭರತನ್ ತಮ್ಮ ಮೊದಲ ಚಿತ್ರ 'ಪ್ರಯಾಣಂ' ಮಾಡುವಾಗ ಚಿತ್ರಕಥೆಗೆ ಕರೆದದ್ದು ಈ ಕಾದಂಬರಿಕಾರನನ್ನು. 1979ರಲ್ಲಿ ತಮ್ಮದೇ ಕಾದಂಬರಿ 'ಪೆರುವಳಿಯಂಬಲಂ' ಅನ್ನು ತಾವೇ ನಿರ್ದೇಶಿಸಿದರು. 'ಉದಕಪ್ಪೋಳ' ಕಾದಂಬರಿ 1987ರಲ್ಲಿ ಮೋಹನ್‌ಲಾಲ್ ನಟನೆಯ 'ತೂವಾನತ್ತುಂಬಿಗಳ್' ಆಯಿತು. ಸಂಬಳದ ಕೆಲಸ ಬಿಟ್ಟದ್ದು 1986ರಲ್ಲಿ ಮಾತ್ರ! 1991ರ ಜನವರಿಯಲ್ಲಿ ತೀರಿಕೊಂಡಾಗ ವಯಸ್ಸು ಬರೀ 45.

ಇದೊಂದೇ ಉದಾಹರಣೆ ಅಲ್ಲ. 1965ರ 'ಮುರಪ್ಪೆಣ್ಣ್'ನಿಂದ ಚಿತ್ರಕಥೆ ಬರೆಯತೊಡಗಿದ ಎಂ.ಟಿ. ವಾಸುದೇವನ್ ನಾಯರ್ ಅವರಿಗೆ ಚಿತ್ರಕಥೆಗೆಂದೇ ನಾಲ್ಕು ರಾಷ್ಟ್ರಪ್ರಶಸ್ತಿ ಬಂತು. 1995ರ ಜ್ಞಾನಪೀಠವೂ ಅವರಿಗೇ. ಸಿನಿಮಾಕ್ಕೆ ಹೋದರೆ ಸಾಹಿತಿ ಕೆಡುತ್ತಾನೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ನಮ್ಮಲ್ಲಿ ಕಾದಂಬರಿಗಳಿಗೆ ಬರವೇ? ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ', ತರಾಸು ಅವರ ಮೂರು ಕಾದಂಬರಿ ಸೇರಿಸಿ 1972ರಲ್ಲಿ ಮಾಡಿದ 'ನಾಗರಹಾವು' ಎಲ್ಲವೂ ಗೆದ್ದವು. ಆದರೆ ಚಿತ್ರಕಥೆಯ ಕೆಲಸ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರದೇ. ಅವರು ದೊಡ್ಡವರು, ನಿಭಾಯಿಸಿದರು, ಸರಿ. ಎಲ್ಲರೂ ಪುಟ್ಟಣ್ಣ ಅಲ್ಲವಲ್ಲ! ಅಂಥವರಿಲ್ಲದ ಕಾಲಕ್ಕೆ, ಬರೆಯುವವರನ್ನು ಬೆಳೆಸಿಟ್ಟುಕೊಳ್ಳದ ಉದ್ಯಮ ರೀಮೇಕಿಗಾಗಿ ಪಕ್ಕದ ಮನೆಯ ಬಾಗಿಲು ತಟ್ಟಬೇಕಾಯಿತು. ಪಕ್ಕದ ಮನೆಯಲ್ಲೇ ಇರುವ ನಮಗೆ ಅದು ಚೆನ್ನಾಗಿ ಕಾಣುತ್ತದೆ, ನಾಚಿಕೆಯೂ ಆಗುತ್ತದೆ.

ಚಿತ್ರಕಥೆ ಬೇರೆಯೇ ವಿದ್ಯೆ, ಕಾದಂಬರಿಕಾರರಿಗೆಲ್ಲ ಅದು ಬರುವುದಿಲ್ಲ ಅನ್ನುತ್ತೀರಿ. ಒಪ್ಪಿದೆ. ಪದ್ಮರಾಜನ್ ಕೂಡ ರೇಡಿಯೋ ಕೆಲಸದ ನಡುವೆ ಬರೆಯುತ್ತಲೇ ಅದನ್ನು ಕಲಿತರು. ಕಲಿಯಲು ಜಾಗ ಕೊಟ್ಟವರಿದ್ದರು, ಅಷ್ಟೇ ವ್ಯತ್ಯಾಸ. ಕಾದಂಬರಿಯ ಹಕ್ಕಿಗೆ ಒಂದು ಸಲ ಚೆಕ್ ಬರೆದು ಕೈತೊಳೆದುಕೊಳ್ಳುವುದು ಬರೀ ಖರೀದಿ. ಬರೆದವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆ ಕೆಲಸಕ್ಕೂ ಸಂಭಾವನೆ ಕೊಟ್ಟರೆ ಅದು ಬಂಡವಾಳ. ಬಿ.ಕಾಂ. ಓದಿದವನಿಗೆ ಇಷ್ಟಾದರೂ ಗೊತ್ತಿರುತ್ತದೆ. ನೀವೇನಂತೀರಿ?