ಮರೆವನ್ನು ಅಳೆಯುವವರಿಗೆ ಐದು ವರ್ಷದ ನೌಕರಿ ಸಾಲದು

ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶೈ ಎಂಬ ಮನೋವಿಜ್ಞಾನಿ 1956ರಲ್ಲಿ ಸುಮಾರು 500 ಜನರ ಬುದ್ಧಿಶಕ್ತಿಯನ್ನು ಅಳೆದರು. ಅವರಲ್ಲಿ ಇಪ್ಪತ್ತರ ಹರೆಯದವರೂ ಇದ್ದರು, ವೃದ್ಧರೂ ಇದ್ದರು. ಆ ಒಂದು ಅಳತೆಯನ್ನಷ್ಟೇ ನೋಡಿದರೆ ಬುದ್ಧಿ ಯೌವನದಲ್ಲೇ ಇಳಿಯತೊಡಗುತ್ತದೆ ಎನ್ನಬೇಕಾಗುತ್ತಿತ್ತು. ಆದರೆ ಶೈ ಅದೇ ಜನರನ್ನು ಏಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತ ಹೋದರು. ಆಗ ಕಂಡ ಚಿತ್ರವೇ ಬೇರೆ: ಬಹುತೇಕ ಸಾಮರ್ಥ್ಯಗಳು ಅರವತ್ತರ ಆಸುಪಾಸಿನವರೆಗೂ ಹೇಳಿಕೊಳ್ಳುವಷ್ಟು ಕುಗ್ಗಿರಲಿಲ್ಲ. ಹಿರಿಯರ ಅಂಕ ಕಡಿಮೆಯಿದ್ದುದಕ್ಕೆ ಹೆಚ್ಚಿನ ಮಟ್ಟಿಗೆ ಕಾರಣ ಅವರು ಹುಟ್ಟಿ ಬೆಳೆದ ಕಾಲ. ಅವರಿಗೆ ಸಿಕ್ಕ ಶಾಲೆ, ಪೌಷ್ಟಿಕತೆ, ಕೆಲಸ ಎಲ್ಲವೂ ಕಿರಿಯರಿಗೆ ಸಿಕ್ಕಿದ್ದಕ್ಕಿಂತ ಬೇರೆಯಾಗಿದ್ದವು. ಅರವತ್ತಕ್ಕೆ ಅರಳುಮರಳು ಎಂದು ಆಡಿಬಿಡುವುದು ಸುಲಭ. ಅದು ನಿಜವೇ ಎಂದು ತಿಳಿಯಲು ಒಬ್ಬ ಸಂಶೋಧಕನ ಜೀವಮಾನವೇ ಬೇಕಾಯಿತು.

ಈ ಪಾಠ ಅಮೆರಿಕಕ್ಕಿಂತ ಹೆಚ್ಚಾಗಿ ನಮಗೆ ಬೇಕು. ಇಂದು ಎಪ್ಪತ್ತೈದು ದಾಟಿರುವ ಎಷ್ಟೋ ಗ್ರಾಮೀಣ ಮಹಿಳೆಯರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ, 1975ರಲ್ಲಿ ರೂಪುಗೊಂಡ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆಯು ನೂರರಿಂದ ಏಳೇಳು ಕಳೆಯಲು, ಒಂದು ವಾಕ್ಯ ಬರೆಯಲು, ಒಂದರ ಮೇಲೊಂದು ಬಿದ್ದ ಎರಡು ಪಂಚಭುಜಗಳನ್ನು ನೋಡಿ ಬಿಡಿಸಲು ಹೇಳುತ್ತದೆ. ಪೆನ್ಸಿಲ್ ಹಿಡಿದೇ ಇರದ ಅಜ್ಜಿಗೆ ಇದರಲ್ಲಿ ಕಡಿಮೆ ಅಂಕ ಬಂದರೆ ಅದು ಮೆದುಳಿನ ಸವೆತವೋ, ದೇಶ ಆಕೆಗೆ ಕೊಡದೇ ಹೋದ ಶಾಲೆಯೋ? ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ನಮ್ಮದೇ ಪರೀಕ್ಷೆಗಳು ಸಿದ್ಧವಾಗಿವೆ. ಅದು ದೊಡ್ಡ ಕೆಲಸ. ಆದರೂ ಎಷ್ಟೇ ಒಳ್ಳೆಯ ಪರೀಕ್ಷೆಯಾಗಲಿ, ಒಮ್ಮೆ ಅಳೆದರೆ ಹೇಳುವುದು ಇಂದಿನ ಸ್ಥಿತಿಯನ್ನು ಮಾತ್ರ. ಇಳಿಕೆ ಗೊತ್ತಾಗಬೇಕಾದರೆ ಅದೇ ಅಜ್ಜಿಯನ್ನು ಮತ್ತೆ ಮತ್ತೆ ನೋಡಬೇಕು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವುದು ಇದನ್ನೇ. 45 ದಾಟಿದ 10,000 ಗ್ರಾಮೀಣರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯ ಈ ಅಧ್ಯಯನ ಆರಂಭವಾದದ್ದು 2018ರಲ್ಲಿ. ಆ ವರ್ಷ 45ರವರಾಗಿ ಸೇರಿದವರಿಗೆ 65 ಆಗುವುದು 2038ರಲ್ಲಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ ಎಂಬುದೂ ಮುಖ್ಯ. ಹೈದರಾಬಾದಿನಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಲಾಭ ಕಂಡಿತ್ತು ಎಂಬುದು ಆ ಸಂಶೋಧನೆಯ ಹೆಚ್ಚುಗಾರಿಕೆ. ಆದರೆ ಅದು ಆಸ್ಪತ್ರೆಗೆ ಬಂದವರ ಲೆಕ್ಕ. ಆರೋಗ್ಯವಂತರನ್ನು ಮೊದಲಿನಿಂದ ಹಿಂಬಾಲಿಸಿದ ಬೇರೆ ದೇಶಗಳ ಅಧ್ಯಯನಗಳಲ್ಲಿ ಹಲವು ಇದನ್ನು ದೃಢಪಡಿಸಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಲು ಕರ್ನಾಟಕ–ಆಂಧ್ರ ಗಡಿಗಿಂತ ಒಳ್ಳೆಯ ಜಾಗಗಳು ಹೆಚ್ಚಿಲ್ಲ.

ಆ ಉತ್ತರ ಬರುವವರೆಗೆ ಕೆಲಸದಲ್ಲಿ ಉಳಿಯುವವರು ಯಾರು? ನಮ್ಮಲ್ಲಿ ಸಂಶೋಧನಾ ಅನುದಾನ ಸಾಮಾನ್ಯವಾಗಿ ಮೂರು ವರ್ಷದ್ದು. ಪಿಎಚ್‌.ಡಿ. ಫೆಲೋಶಿಪ್ ಜೂನಿಯರ್, ಸೀನಿಯರ್ ಎರಡೂ ಸೇರಿ ಐದು ವರ್ಷ. ಐದನೇ ವರ್ಷಕ್ಕೆ ಪ್ರಬಂಧ ಒಪ್ಪಿಸಬೇಕಾದ ವಿದ್ಯಾರ್ಥಿಯ ಕೈಯಲ್ಲಿರುವುದು ಮೊದಲ ಅಳತೆ, ಹೆಚ್ಚೆಂದರೆ ಎರಡನೆಯದು. ಹೀಗಾಗಿ ಆತ ಎಪ್ಪತ್ತರವರನ್ನು ಐವತ್ತರವರೊಂದಿಗೆ ಹೋಲಿಸಿ ಬರೆಯುತ್ತಾನೆ. ಶೈ ಅರ್ಧ ಶತಮಾನ ದುಡಿದು ತಪ್ಪೆಂದು ತೋರಿಸಿಕೊಟ್ಟ ಅದೇ ದಾರಿಗೆ ನೌಕರಿಯ ಅವಧಿಯೇ ಅವನನ್ನು ತಳ್ಳುತ್ತದೆ. ಕ್ಷೇತ್ರ ಸಿಬ್ಬಂದಿಯ ಪ್ರಶ್ನೆ ಇನ್ನೂ ಗಂಭೀರ. ಇಂಥ ಅಧ್ಯಯನಗಳಿಂದ ಮೊದಲು ಹೊರಬೀಳುವವರು ಸಾಮಾನ್ಯವಾಗಿ ಮರೆವು ಶುರುವಾದವರೇ. ಅವರು ಕೈತಪ್ಪಿದರೆ ಉಳಿದವರ ಸರಾಸರಿ ಚೆನ್ನಾಗಿ ಕಾಣುತ್ತದೆ, ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ. ಅವರನ್ನು ಮರಳಿ ಕರೆತರುವುದು ಆ ಮನೆಯ ಸೊಸೆಯ ಹೆಸರು, ಕೊಯ್ಲಿನ ದಿನ, ಅಜ್ಜನ ಕಿವಿ ಎಷ್ಟು ಮಂದ ಎಂಬುದನ್ನೆಲ್ಲ ಬಲ್ಲ ಕಾರ್ಯಕರ್ತೆಗೆ ಮಾತ್ರ ಸಾಧ್ಯ. ಆಕೆಯ ಗುತ್ತಿಗೆ ಮುಗಿದರೆ ಆ ಪರಿಚಯವೂ ಮುಗಿಯಿತು.

ಇಂಥ ಅಧ್ಯಯನಗಳಿಗೆ ಬೇಕಾಗುವ ಹಣವನ್ನು ರೋಗಿಗಳ ಆರೈಕೆಗೆ ಕೊಡಬಾರದೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2023ರ ಅಂದಾಜಿನಂತೆ ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಶಿಯಾ ಇದೆ. ಅವರನ್ನು ನೋಡಿಕೊಳ್ಳುವ ಹೊರೆಯನ್ನು ಮನೆಯ ಹೆಂಗಸರೇ ಹೊತ್ತಿದ್ದಾರೆ. ಆರೈಕೆಗೆ ಹಣ ಬೇಕೇ ಬೇಕು. ಆದರೆ ಮುಂದಿನ ಪೀಳಿಗೆಯ ರೋಗಿಗಳ ಸಂಖ್ಯೆ ತಗ್ಗಿಸುವ ದಾರಿ ತಿಳಿದಿರುವುದೂ ಇಂಥ ದೀರ್ಘ ಅಧ್ಯಯನಗಳಿಂದಲೇ. ಕಿವುಡುತನ, ರಕ್ತದೊತ್ತಡ, ಮಧುಮೇಹ, ಕಡಿಮೆ ಶಿಕ್ಷಣ, ವಾಯುಮಾಲಿನ್ಯ ಮುಂತಾದ 14 ಅಂಶಗಳನ್ನು ನಿಭಾಯಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿತು. ಹಾಗಾದರೆ ಹೊರಗಿನ ಫಲಿತಾಂಶಗಳನ್ನೇ ಬಳಸಿಕೊಳ್ಳೋಣ ಎನ್ನಬಹುದು. ಆದರೆ ಆ ಲೆಕ್ಕದ ಹಿಂದಿನ ಅಧ್ಯಯನಗಳು ಬಹುಪಾಲು ಶ್ರೀಮಂತ ದೇಶಗಳವು. ಶಾಲೆ ಕಾಣದ, ಸೌದೆ ಒಲೆಯ ಹೊಗೆಯಲ್ಲಿ ದಶಕಗಳನ್ನು ಕಳೆದ ಹೆಂಗಸಿಗೆ ಈ ಹದಿನಾಲ್ಕರಲ್ಲಿ ಯಾವುದು ಎಷ್ಟು ಭಾರ ಎಂಬುದನ್ನು ಅಲ್ಲಿನ ಅಂಕಿಗಳು ಹೇಳಲಾರವು.

ಕಾಯಂ ಕೆಲಸ ಕೊಟ್ಟರೆ ಸೋಮಾರಿತನ ಬರುತ್ತದೆ ಎಂಬ ವಾದವೂ ಇದೆ. ಆ ಭಯಕ್ಕೆ ಪರಿಹಾರ ಮೌಲ್ಯಮಾಪನ. ನೌಕರಿಯ ಅವಧಿಯನ್ನು ಮೊಟಕುಗೊಳಿಸುವುದಲ್ಲ. ಸಂಶೋಧಕರಿಗೆ ಐದನೇ ವರ್ಷ ಹೊರಗಿನ ತಜ್ಞರ ಪರಿಶೀಲನೆಯಿರುವ, ನವೀಕರಿಸಬಹುದಾದ ಹತ್ತು ವರ್ಷದ ಹುದ್ದೆಗಳು ಬೇಕು. ಬಡ್ತಿಯ ವೇಳೆ ಲೇಖನಗಳ ಸಂಖ್ಯೆಯೊಂದಿಗೆ ಎಷ್ಟು ಜನರನ್ನು ಅಧ್ಯಯನದಲ್ಲಿ ಉಳಿಸಿಕೊಂಡರು, ಮಾಹಿತಿಯನ್ನು ಬೇರೆಯವರೂ ಬಳಸುವಂತೆ ಎಷ್ಟು ಅಚ್ಚುಕಟ್ಟಾಗಿ ಇಟ್ಟರು ಎಂಬುದೂ ಗಣನೆಗೆ ಬರಬೇಕು. ಶ್ರೀನಿವಾಸಪುರದ ಅಧ್ಯಯನ ನಡೆಸುವ ಕೇಂದ್ರವು ಹುಟ್ಟಿದ್ದು ಒಂದು ಕುಟುಂಬದ ಟ್ರಸ್ಟ್ ನೀಡಿದ ದೊಡ್ಡ ದೇಣಿಗೆಯಿಂದ. ಆ ಉದಾರತೆಗೆ ಕೃತಜ್ಞರಾಗಿದ್ದುಕೊಂಡೇ, ಅಲ್ಲಿನ ಕ್ಷೇತ್ರ ಕಾರ್ಯಕರ್ತೆಯರ ಸಂಬಳವನ್ನಾದರೂ ರಾಜ್ಯ ಸರ್ಕಾರ ತನ್ನ ಆರೋಗ್ಯ ಬಜೆಟ್ಟಿನಿಂದ 2038ರವರೆಗೆ ಖಾತ್ರಿಪಡಿಸಬೇಕು.