ಅಗ್ಗದ ಷೇರು

ದೂರಸಂಪರ್ಕ ಕಂಪನಿಯೊಂದರ ಹತ್ತು ರೂಪಾಯಿಯ ಷೇರು ಇಪ್ಪತ್ತಾಗುವುದು ಎಂದಿಗೆ? ಕಲಬುರಗಿಯ ಪೇಟೆ, ಕಚೇರಿಗಳಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಪ್ರಶ್ನೆಯೇ ತಪ್ಪೆಂಬುದು ನಮ್ಮ ಮತ. ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನು ಕೊಳ್ಳುವವನು ಒಂದು ಹಣ್ಣಿನ ದರವನ್ನು ಕೇಳಿ ಸುಮ್ಮನಾಗನು. ಗೊನೆಯಲ್ಲಿ ಹಣ್ಣೆಷ್ಟೆಂದು ಎಣಿಸುವನು.

ವೋಡಾಫೋನ್ ಐಡಿಯಾ ಕಂಪನಿಯನ್ನೇ ನೋಡಬಹುದು. 2025ರ ಏಪ್ರಿಲ್ ತಿಂಗಳಲ್ಲಿ ಸರಕಾರವು ತನಗೆ ಬರತಕ್ಕ 36,950 ಕೋಟಿ ರೂಪಾಯಿಗಳ ಬಾಕಿಗೆ ಬದಲಾಗಿ ತಲಾ 10 ರೂಪಾಯಿಯಂತೆ ಹೊಸ ಷೇರುಗಳನ್ನು ಪಡೆಯಿತು. ಒಟ್ಟು ಷೇರುಗಳು ಸುಮಾರು 7,100 ಕೋಟಿಯಿಂದ 10,800 ಕೋಟಿಗೇರಿದವು. ಹಳೆಯ ಪಾಲುದಾರನ ಕೈಯಲ್ಲಿದ್ದ ಷೇರುಗಳು ಅಷ್ಟೇ ಉಳಿದುವು. ಕಂಪನಿಯಲ್ಲಿ ಅವನ ಅಂಶವು ಮಾತ್ರ ಮೂರರಲ್ಲೊಂದು ಭಾಗದಷ್ಟು ಕುಗ್ಗಿತು! ಹತ್ತು ರೂಪಾಯಿಯ ದರದಲ್ಲಿ ಇಡೀ ಕಂಪನಿಯ ಬೆಲೆಯು ಲಕ್ಷ ಕೋಟಿಯನ್ನು ಮೀರುತ್ತದೆ, ಸಾಲ ಬೇರೆ. ಇದನ್ನು ಅಗ್ಗವೆನ್ನಲು ನಮಗೆ ನಾಲಗೆ ಬಾರದು.

ಸಾಲವು ಏನು ಮಾಡಬಲ್ಲುದೆಂಬುದಕ್ಕೆ ರಿಲಯನ್ಸ್ ಕಮ್ಯುನಿಕೇಷನ್ಸ್ ಸಾಕ್ಷಿ. 2008ರ ಜನವರಿಯಲ್ಲಿ ಅದರ ಷೇರು 800 ರೂಪಾಯಿಗಳನ್ನು ದಾಟಿತ್ತು. 2017ರಲ್ಲಿ ಇಪ್ಪತ್ತರ ಸುಮಾರಿಗೆ ಇಳಿದಾಗ ಇನ್ನು ಇಳಿಯಲಾರದೆಂದು ನಂಬಿ ಕೊಂಡವರಿದ್ದರು. 2019ರಲ್ಲಿ ಕಂಪನಿಯು ದಿವಾಳಿ ವ್ಯವಹಾರಕ್ಕೆ ಒಳಪಟ್ಟು, ಆ ಇಪ್ಪತ್ತೂ ಒಂದೆರಡಾಯಿತು.

ಸಾಲವೆಷ್ಟು, ಷೇರುಗಳ ಸಂಖ್ಯೆ ವರ್ಷ ವರ್ಷ ಏರುತ್ತಿದೆಯೇ, ಚಂದಾದಾರರು ಉಳಿಯುತ್ತಿರುವರೇ, ಒಬ್ಬೊಬ್ಬನಿಂದ ತಿಂಗಳಿಗೆ ಬರುವ ಹಣವೆಷ್ಟು, ಇವೆಲ್ಲವೂ ವಾರ್ಷಿಕ ವರದಿಯಲ್ಲಿರುತ್ತವೆ. ವರದಿಯು ಇಂಗ್ಲಿಷಿನದು. ಪ್ರಜೆಗಳ ಬಾಕಿಯನ್ನು ಷೇರಾಗಿಸಿ 2025ರಲ್ಲಿ ಶೇಕಡಾ 49ರ ಸುಮಾರಿನ ಪಾಲುದಾರನಾದ ಸರಕಾರವು, ಅದರ ಸಾರಾಂಶವನ್ನಾದರೂ ಕನ್ನಡದಲ್ಲಿ ಹೊರಡಿಸುವಂತೆ ಕಂಪನಿಗೆ ತಾಕೀತು ಮಾಡತಕ್ಕದ್ದು.