ಹೊಳೆಗೆ ಹಾರಿದವರ ಹೆಸರು ಬರೆದಿಡಿ

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನದ ಬಂಧುಗಳೇ,

ರುದ್ರಪಟ್ಟಣ ಎಂದೊಡನೆ ನಾಡಿಗೆಲ್ಲ ನೆನಪಾಗುವುದು ಸಂಗೀತ. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ತಂಬೂರಿ ಆಕಾರದ ಆ ಮಂದಿರ. ಹಾಡಿದವರ ಹೆಸರು ನಮಗೆ ಬಾಯಿಪಾಠ. ಅದೇ ಊರಿನ ಮಗ್ಗುಲಲ್ಲಿ ಹರಿಯುವ ಕಾವೇರಿಯಿಂದ ಮುಳುಗುವವರನ್ನು ಎಳೆದು ದಡಕ್ಕೆ ಹಾಕಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಹೊಳೆಸಾಲಿನವರಿಗೆ ಇದು ಹೊಸ ಮಾತಲ್ಲ. ಪರಸ್ಥಳದ ಹುಡುಗರು ಸುಳಿಯ ಗುರುತಿಲ್ಲದೆ ಇಳಿಯುತ್ತಾರೆ. ಸೋಪಾನದ ಪಾಚಿಯ ಮೇಲೆ ಯಾರದೋ ಕಾಲು ಜಾರುತ್ತದೆ. ಈಜು ಬಲ್ಲ ಒಬ್ಬ ಪಂಚೆ ಕಿತ್ತೆಸೆದು ಹಾರಿ, ತಲೆಗೂದಲು ಹಿಡಿದು ಎಳೆದು ತರುತ್ತಾನೆ. ಜನ ‘ಭಲೇ’ ಅನ್ನುತ್ತಾರೆ. ಅವನು ಪಂಚೆ ಕೊಡವಿ ಉಟ್ಟು ಮನೆಗೆ ಹೋಗುತ್ತಾನೆ. ಅಲ್ಲಿಗೆ ಮುಗಿಯಿತು.

ಇಂಥವರಿಗೆಂದೇ ಕೇಂದ್ರ ಸರ್ಕಾರ 1961ರಿಂದ ಜೀವನ ರಕ್ಷಾ ಪದಕ ಕೊಡುತ್ತಿದೆ. ನೀರು, ಬೆಂಕಿ, ವಿದ್ಯುತ್, ಭೂಕುಸಿತ, ಕಾಡುಪ್ರಾಣಿ, ಹೀಗೆ ಯಾವುದರಿಂದ ಜೀವ ಉಳಿಸಿದರೂ ಸರಿ. ಅಪಾಯದ ತೀವ್ರತೆ ನೋಡಿ ಸರ್ವೋತ್ತಮ, ಉತ್ತಮ, ಮತ್ತು ಬರಿಯ ಜೀವನ ರಕ್ಷಾ ಪದಕ ಎಂದು ಮೂರು ದರ್ಜೆ. ಪದಕದ ಜೊತೆಗೆ ಕ್ರಮವಾಗಿ 2 ಲಕ್ಷ, 1.5 ಲಕ್ಷ, 1 ಲಕ್ಷ ರೂಪಾಯಿ. ಹೆಣ್ಣು, ಗಂಡು, ಓದಿದವರು, ಓದದವರು ಎಂಬ ಭೇದವಿಲ್ಲ. ಹೆಸರು ಮಾತ್ರ ರಾಜ್ಯ ಸರ್ಕಾರದ ಶಿಫಾರಸಿನ ಮೂಲಕ ದೆಹಲಿಗೆ ಹೋಗಬೇಕು. ಎರಡು ವರ್ಷ ದಾಟಿದ ಘಟನೆಯಾದರೆ ಕೇಳುವವರಿಲ್ಲ.

ಉಳಿಸಿದವನು ತಾನಾಗಿ ಅರ್ಜಿ ಹಿಡಿದು ಅಲೆಯುವುದಿಲ್ಲ; ಅಲೆಯಲೂಬಾರದು. ಅದು ಕಣ್ಣಾರೆ ಕಂಡ ನಮ್ಮ ಕೆಲಸ. ಸಾಹಸ ನಮ್ಮಲ್ಲಿ ಧಾರಾಳವಾಗಿದೆ, ಬರೆಯುವ ಕೈಗೇ ಸೋಮಾರಿತನ.

‘ರಕ್ಷಿಸಲು ಹೋದವನೂ ನೀರುಪಾಲು’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಆ ‘ಹೋದವನೂ’ ಎಂಬಲ್ಲಿಗೆ ಒಬ್ಬ ಮನುಷ್ಯನ ಕತೆ ಮುಗಿದುಬಿಡುತ್ತದೆ. ಮರಣೋತ್ತರವಾಗಿಯೂ ಈ ಪದಕ ಸಲ್ಲುತ್ತದೆಂದು ಆ ಮನೆಯವರಿಗೆ ಹೇಳುವವರು ಯಾರು?

ಮಕ್ಕಳ ವಿಷಯದಲ್ಲೂ ಇದೇ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸೇತುವೆ ಮುಚ್ಚಿದಾಗ, ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ 12ರ ಬಾಲಕನೊಬ್ಬ ನೀರಲ್ಲಿ ಮುಂದೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು, ನಾಡೆಲ್ಲ ನೋಡಿತು, ಹುಡುಗನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಮೊಬೈಲು ಎತ್ತುವವರು ಇಲ್ಲದ ಕಡೆ? ಧೈರ್ಯ ತೋರಿದ ಮಕ್ಕಳಿಗೆಂದು ನಮ್ಮ ರಾಜ್ಯದ್ದೇ ಹೊಯ್ಸಳ, ಕೆಳದಿ ಚೆನ್ನಮ್ಮ ಪ್ರಶಸ್ತಿಗಳಿವೆ. ಮೇಷ್ಟ್ರುಗಳು ದಯವಿಟ್ಟು ಗಮನಿಸಿ.

ಪದಕದ ಆಸೆಗೆ ಯಾರೂ ನೀರಿಗೆ ಬೀಳಬೇಡಿ; ಈಜು ಬಾರದವರು ಹಗ್ಗ, ಟ್ಯೂಬು ಎಸೆಯಿರಿ, ಕೂಗಿ ಜನ ಸೇರಿಸಿ.

ಕಾವೇರಿ, ಹೇಮಾವತಿ, ಊರ ಕೆರೆ ಎಲ್ಲೇ ಆಗಲಿ, ಈ ಎರಡು ವರ್ಷದಲ್ಲಿ ಯಾರಾದರೂ ಜೀವ ಒತ್ತೆಯಿಟ್ಟು ಇನ್ನೊಬ್ಬರನ್ನು ಉಳಿಸಿದ್ದರೆ ದಿನ, ಜಾಗ, ನಡೆದದ್ದನ್ನು ಬಿಳಿ ಹಾಳೆಯಲ್ಲಿ ಬರೆಯಿರಿ. ಕಂಡವರ ಸಹಿ ಹಾಕಿಸಿ, ಪೊಲೀಸ್ ವರದಿಯೋ ಪತ್ರಿಕೆಯ ಸುದ್ದಿಯೋ ಇದ್ದರೆ ಲಗತ್ತಿಸಿ. ಹಾಸನದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ವಾಪಸು ಬರಬೇಡಿ.